ಮಕ್ಕಳಿಗೆ ಸಂಖ್ಯಾಶಾಸ್ತ್ರ: ಕೈಯಾರೆ ಮಾಡಿ ಕಲಿಯುವ ಬಗೆ

ಕಳೆದ ಚಳಿಗಾಲದ ಒಂದು ಸಂಜೆ, ನಮ್ಮ ವಾಚನಾಲಯಕ್ಕೆ ದಿನವೂ ಪತ್ರಿಕೆ ಓದಲು ಬರುವ ಮಿತ್ರರೊಬ್ಬರು ಒಂದು ಜಾಹೀರಾತಿನ ಕಾಗದವನ್ನು ಮೇಜಿನ ಮೇಲೆ ಹರವಿದರು. ಲಕ್ಷ್ಮೀ ನಗರದಲ್ಲಿ ವಾಸವಾಗಿರುವವರಿಗೆ ಅಂಥ ಕಾಗದ ಹೊಸದೇನೂ ಅಲ್ಲ. ವಿಕಾಸ ಮಾರ್ಗದ ಗೋಡೆಗಳ ಮೇಲೆ, ಮೆಟ್ರೋ ನಿಲ್ದಾಣದ ಸುತ್ತಮುತ್ತ, ಗಲ್ಲಿಗಲ್ಲಿಯ ವಿದ್ಯುತ್ ಕಂಬಗಳ ಮೇಲೆ ಕೋಚಿಂಗ್ ತರಗತಿಗಳ ಜಾಹೀರಾತುಗಳೇ. ಈ ಕಾಗದದಲ್ಲಿ ನಲವತ್ತು ಹುಡುಗ ಹುಡುಗಿಯರ ನಗುಮುಖಗಳಿದ್ದವು. ಕೆಳಗೆ ದಪ್ಪ ಅಕ್ಷರದಲ್ಲಿ, ಇವರೆಲ್ಲರೂ ನಮ್ಮಲ್ಲಿ ಕಲಿತು ತೇರ್ಗಡೆಯಾದವರು ಎಂದಿತ್ತು. ಮಿತ್ರರು ಮಗನನ್ನು ಅಲ್ಲಿ ಸೇರಿಸುವುದಕ್ಕಾಗಿ ಹೆಂಡತಿಯ ಬಳೆಗಳನ್ನು ಅಡವಿಡುವ ಯೋಚನೆಯಲ್ಲಿದ್ದರು.

"ಇಷ್ಟು ಮಂದಿ ಪಾಸಾಗಿದ್ದಾರೆ ಸ್ವಾಮಿ, ಒಳ್ಳೆಯ ತರಗತಿಯೇ ಇರಬೇಕು, ಅಲ್ಲವೇ?" ಎಂದು ನನ್ನನ್ನು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ, ಪಕ್ಕದ ಬೆಂಚಿನಲ್ಲಿ ಕತೆಪುಸ್ತಕ ಓದುತ್ತಿದ್ದ ಎಂಟನೆಯ ತರಗತಿಯ ಹುಡುಗಿಯೊಬ್ಬಳು ತಲೆಯೆತ್ತಿ, "ಮಾಮ, ಪರೀಕ್ಷೆಗೆ ಕೂತವರು ಎಷ್ಟು ಮಂದಿ?" ಎಂದಳು.

ನಮ್ಮಿಬ್ಬರಿಗೂ ಉತ್ತರ ಹೊಳೆಯಲಿಲ್ಲ. ಕಾಗದವನ್ನು ಹಿಂದು ಮುಂದು ತಿರುಗಿಸಿ ನೋಡಿದೆವು. ಪಾಸಾದವರ ಮುಖ ಇತ್ತು, ಹೆಸರು ಇತ್ತು. ಕೂತವರ ಲೆಕ್ಕ ಎಲ್ಲಿಯೂ ಇರಲಿಲ್ಲ. ಐವತ್ತು ಜನ ಕೂತು ನಲವತ್ತು ಜನ ಪಾಸಾದರೆ ಅದು ಒಂದು ಮಾತು. ಎರಡು ಸಾವಿರ ಜನ ಕೂತು ನಲವತ್ತು ಜನ ಪಾಸಾದರೆ ಅದು ಬೇರೆಯೇ ಮಾತು. ಎರಡರಲ್ಲಿಯೂ ಛಾಪಿಸುವ ಮುಖಗಳು ಮಾತ್ರ ಅವೇ ನಲವತ್ತು.

ಆ ಮಿತ್ರರು ಮುಂದೇನು ಮಾಡಿದರು ಎಂಬುದನ್ನು ಕಡೆಯಲ್ಲಿ ಹೇಳುತ್ತೇನೆ. ಮೊದಲು, ಆ ಹುಡುಗಿಗೆ ಈ ಪ್ರಶ್ನೆ ಹೇಗೆ ಹೊಳೆಯಿತು ಎಂಬುದನ್ನು ಹೇಳಬೇಕು. ಏಕೆಂದರೆ ಅದು ಅವಳಿಗೆ ಪಠ್ಯಪುಸ್ತಕದಿಂದ ಬಂದದ್ದಲ್ಲ. ಭಾನುವಾರಗಳಂದು ನಮ್ಮ ವಾಚನಾಲಯದಲ್ಲಿ ನಾಣ್ಯ ಎಸೆದು, ಕಾಳು ಎಣಿಸಿ ಬಂದದ್ದು.

ನಾನು ವಿದ್ವಾಂಸನಲ್ಲ. ಹತ್ತನೆಯ ತರಗತಿ ಪಾಸು ಮಾಡಿ, ಗಾಜಿಯಾಬಾದಿನ ಕಡೆಯ ಒಂದು ಹಿಟ್ಟಿನ ಗಿರಣಿಯಲ್ಲಿ ಗುಮಾಸ್ತನಾಗಿದ್ದೇನೆ. ಬಂದ ಗೋಧಿ ಎಷ್ಟು, ಹೋದ ಹಿಟ್ಟು ಎಷ್ಟು, ರವೆ ಎಷ್ಟು, ಬೂಸಾ ಎಷ್ಟು ಎಂದು ಬರೆಯುವುದೇ ನನ್ನ ಉದ್ಯೋಗ. ಭಾನುವಾರ ಮಕ್ಕಳಿಗೆ ಕನ್ನಡ ಅಕ್ಷರ ಹೇಳಿಕೊಡಲೆಂದು ಬರುತ್ತಿದ್ದೆ. ದೊಡ್ಡ ಮಕ್ಕಳು ಶಾಲೆಯ ಗಣಿತವನ್ನೂ ತರತೊಡಗಿದರು. ಎನ್.ಸಿ.ಇ.ಆರ್.ಟಿ. ಪುಸ್ತಕಗಳಲ್ಲಿ ಕೆಳಗಿನ ತರಗತಿಗಳಿಂದಲೇ ಅಂಕಿ-ಅಂಶಗಳ ಪಾಠವಿದೆ. ಹತ್ತನೆಯ ತರಗತಿಯಲ್ಲಿ ಸಂಖ್ಯಾಶಾಸ್ತ್ರಕ್ಕೆ ಒಂದು, ಸಂಭವನೀಯತೆಗೆ ಒಂದು ಅಧ್ಯಾಯವೇ ಇದೆ. ಮಕ್ಕಳು ಸೂತ್ರವನ್ನು ಗಿಳಿಪಾಠ ಒಪ್ಪಿಸುತ್ತಿದ್ದರು. "ಸರಾಸರಿ ಎಂದರೇನು?" ಎಂದರೆ, "ಎಲ್ಲ ಕೂಡಿಸಿ ಭಾಗಿಸುವುದು" ಎನ್ನುತ್ತಿದ್ದರು. "ಯಾತಕ್ಕಾಗಿ?" ಎಂದರೆ ಮೌನ.

ಆಗ ನನಗೆ ತೋರಿದ್ದು ಇಷ್ಟೆ. ಈಜು ಕಲಿಸಲು ಹುಡುಗನನ್ನು ನೀರಿಗೆ ಇಳಿಸಬೇಕು, ಈಜಿನ ವಿಷಯ ಪ್ರಬಂಧ ಬರೆಸಿದರೆ ಆಗದು. ಸಂಖ್ಯಾಶಾಸ್ತ್ರವೂ ಹಾಗೆಯೇ. ಮಗು ತಾನೇ ಊಹಿಸಬೇಕು, ತಾನೇ ಎಣಿಸಬೇಕು, ತನ್ನ ಊಹೆ ತಪ್ಪಾದುದನ್ನು ತಾನೇ ಕಾಣಬೇಕು. ಈ ರೀತಿಯಲ್ಲಿ ನಾವು ಮಾಡಿದ ಐದು ಪ್ರಯೋಗಗಳನ್ನು ಇಲ್ಲಿ ವಿವರಿಸುತ್ತೇನೆ. ಇವಕ್ಕೆ ಬೇಕಾದುವೆಲ್ಲ ನಿಮ್ಮ ಮನೆಯಲ್ಲಿಯೇ ಇವೆ.

ಮೊದಲನೆಯದು: ನಾಣ್ಯ

ಮಕ್ಕಳನ್ನು ಎರಡು ಗುಂಪು ಮಾಡಿರಿ. ಒಂದು ಗುಂಪು ನಿಜವಾಗಿ ರೂಪಾಯಿಯ ನಾಣ್ಯವನ್ನು ನೂರು ಸಲ ಎಸೆದು, ಸಿಂಹದ ಮುಖ ಬಿದ್ದರೆ "ಸಿಂ" ಎಂದೂ, ಅಂಕಿಯ ಮುಖ ಬಿದ್ದರೆ "ಅಂ" ಎಂದೂ ಸಾಲಾಗಿ ಬರೆಯಲಿ. ಇನ್ನೊಂದು ಗುಂಪು ನಾಣ್ಯ ಮುಟ್ಟದೆ, ಎಸೆದಂತೆ ಭಾವಿಸಿಕೊಂಡು ನೂರು ಸಲದ ಫಲವನ್ನು ಮನಸ್ಸಿನಿಂದ ಬರೆಯಲಿ. ನೀವು ಹೊರಗೆ ಹೋಗಿರಿ. ಮರಳಿ ಬಂದು ಎರಡು ಕಾಗದಗಳನ್ನೂ ನೋಡಿ, ಸುಳ್ಳು ಯಾವುದು ಎಂದು ಹೇಳಿರಿ.

ಮಕ್ಕಳಿಗೆ ಇದು ಮಾಟದಂತೆ ಕಾಣುತ್ತದೆ. ಗುಟ್ಟು ಬಹಳ ಸರಳ. ಮನಸ್ಸಿನಿಂದ ಬರೆಯುವವನು "ಮೂರು ಸಲ ಸಿಂಹ ಬಂದಾಯಿತು, ಇನ್ನು ಅಂಕಿ ಬರಲೇಬೇಕು" ಎಂದು ಬೇಗ ಬೇಗ ಬದಲಾಯಿಸುತ್ತಾನೆ. ನಾಣ್ಯಕ್ಕೆ ಅಂಥ ಸಂಕೋಚವಿಲ್ಲ. ನೂರು ಸಲ ಎಸೆದಾಗ ಒಂದೇ ಮುಖ ಎಡೆಬಿಡದೆ ಐದು ಸಲವಾದರೂ ಬೀಳುವುದು ಬಹುಮಟ್ಟಿಗೆ ಖಂಡಿತ. ಅಂಥ ಉದ್ದನೆಯ ಸಾಲು ಇರುವ ಕಾಗದ ನಿಜ, ಇಲ್ಲದಿರುವುದು ಸುಳ್ಳು ಎಂದರೆ ಹೆಚ್ಚಾಗಿ ಸರಿಹೋಗುತ್ತದೆ.

ನಾಣ್ಯಕ್ಕೆ ನೆನಪಿಲ್ಲ. ಹಿಂದೆ ಏನು ಬಿತ್ತೆಂಬುದು ಅದಕ್ಕೆ ತಿಳಿಯದು. ಹಾಗಾದರೆ ಸಿಂಹ ಅರ್ಧ, ಅಂಕಿ ಅರ್ಧ ಎಂಬ ನಿಯಮ ಎಲ್ಲಿ ಉಳಿಯಿತು ಎಂದು ಮಕ್ಕಳು ಕೇಳುವರು. ಅದು ದೊಡ್ಡ ಎಣಿಕೆಯಲ್ಲಿ ಉಳಿಯುತ್ತದೆ. ಹತ್ತು ಸಲದಲ್ಲಿ ಏಳು ಸಿಂಹ ಬಂದರೆ ಆಶ್ಚರ್ಯವಿಲ್ಲ. ಸಾವಿರದಲ್ಲಿ ಏಳುನೂರು ಬಂದರೆ ನಾಣ್ಯವನ್ನೇ ಪರೀಕ್ಷಿಸಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಾನ್ ಕೆರಿಚ್ ಎಂಬ ಗಣಿತಜ್ಞರು ಡೆನ್ಮಾರ್ಕಿನಲ್ಲಿ ಸೆರೆಯಲ್ಲಿದ್ದಾಗ 10,000 ಸಲ ನಾಣ್ಯ ಎಸೆದು ಬರೆದಿಟ್ಟರು. 5,067 ಸಲ ಒಂದೇ ಮುಖ ಬಿತ್ತು. ಅವರಿಗಿಂತ ಮೊದಲು ಕಾರ್ಲ್ ಪಿಯರ್ಸನ್ 24,000 ಸಲ ಎಸೆದಾಗ ಬಂದದ್ದು 12,012. ಎಣಿಕೆ ಬೆಳೆದಂತೆ ಪಾಲು ಅರ್ಧದ ಹತ್ತಿರಕ್ಕೆ ಬರುತ್ತದೆ.

ಓದುಗರೇ, ಇದು ಮಕ್ಕಳಿಗೆ ಮಾತ್ರ ಬೇಕಾದ ಪಾಠವಲ್ಲ. "ಐದು ವಾರ ನನ್ನ ಸಂಖ್ಯೆ ಬರಲಿಲ್ಲ, ಈ ವಾರ ಬರಲೇಬೇಕು" ಎಂದು ಸಂಬಳದ ದಿನ ಸಟ್ಟಾ ಆಡುವವನೂ ಮನಸ್ಸಿನಿಂದ ನಾಣ್ಯ ಬರೆದ ಹುಡುಗನೇ.

ಎರಡನೆಯದು: ಕಾಳಿನ ಬೋಗುಣಿ

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳನ್ನು ಹಿಸುಕಿದರೆ ಸಾಕು ಎಂದು ನಮ್ಮ ತಾಯಂದಿರು ಬಲ್ಲರು. ಇಡೀ ಪಾತ್ರೆಯನ್ನು ಉಂಡು ನೋಡುವವರು ಯಾರೂ ಇಲ್ಲ. ಇಡಿಯನ್ನು ತಿಳಿಯಲು ಒಂದು ಪಾಲನ್ನು ನೋಡುವುದು, ಇದಕ್ಕೆ ಮಾದರಿ ತೆಗೆಯುವುದು ಎನ್ನುತ್ತಾರೆ.

ಒಂದು ಬೋಗುಣಿಯಲ್ಲಿ 300 ಕೆಂಪು ರಾಜ್ಮಾ ಕಾಳು, 700 ಕಾಬೂಲಿ ಕಡಲೆ ಹಾಕಿ ಚೆನ್ನಾಗಿ ಕಲಸಿರಿ. ಲೆಕ್ಕವನ್ನು ಮಕ್ಕಳಿಗೆ ಹೇಳಬೇಡಿರಿ. ಪ್ರತಿಯೊಬ್ಬರೂ ಕಣ್ಣು ಮುಚ್ಚಿ ಹತ್ತು ಕಾಳು ತೆಗೆದು, ಕೆಂಪು ಎಷ್ಟೆಂದು ಬರೆದು, ಮರಳಿ ಹಾಕಿ ಕಲಸಲಿ. ಒಬ್ಬನಿಗೆ ಒಂದು ಬರುತ್ತದೆ, ಇನ್ನೊಬ್ಬಳಿಗೆ ಐದು. "ನೂರಕ್ಕೆ ಹತ್ತು ಕೆಂಪು" ಎಂದು ಅವನು, "ನೂರಕ್ಕೆ ಐವತ್ತು" ಎಂದು ಅವಳು, ಒಳ್ಳೆಯ ಜಗಳ. ಈಗ ಐವತ್ತು ಐವತ್ತು ಕಾಳು ತೆಗೆಸಿರಿ. ಉತ್ತರಗಳು ಒಂದಕ್ಕೊಂದು ಹತ್ತಿರವಾಗುತ್ತವೆ. ಬಹುಪಾಲು ಮಕ್ಕಳಿಗೆ ಹತ್ತರಿಂದ ಇಪ್ಪತ್ತರ ಒಳಗೆ ಕೆಂಪು ಬರುತ್ತದೆ. ಮಾದರಿ ದೊಡ್ಡದಾದಷ್ಟೂ ಜಗಳ ಚಿಕ್ಕದು, ಇದು ಮೊದಲ ಪಾಠ.

ಎರಡನೆಯ ಪಾಠಕ್ಕೆ ಕಾಳನ್ನು ಬೇರ್ಪಡಿಸಿ, ಕೆಳಗೆ ಕಡಲೆ ಹರಡಿ ಮೇಲೆ ರಾಜ್ಮಾ ಸುರಿಯಿರಿ, ಕಲಸಬೇಡಿರಿ. ಮೇಲಿನಿಂದ ನೂರು ಕಾಳು ತೆಗೆದರೂ ನೂರೂ ಕೆಂಪೇ. ಮಾದರಿ ದೊಡ್ಡದು, ಉತ್ತರ ಮಾತ್ರ ಸುಳ್ಳು! ಅಗುಳಿನ ಗಾದೆ ನಿಜವಾಗುವುದು ಪಾತ್ರೆಯ ನೀರೆಲ್ಲ ಒಂದೇ ಸಮ ಕುದಿಯುವುದರಿಂದ. ಕುದಿ ಒಂದೇ ಸಮ ಇಲ್ಲದಿದ್ದರೆ ಒಂದು ಅಗುಳು ಮೋಸ ಮಾಡುತ್ತದೆ.

ಇದನ್ನು ನಾನು ಗಿರಣಿಯಲ್ಲಿ ಕಂಡು ಬಲ್ಲೆ. ಲಾರಿಯಲ್ಲಿ ಗೋಧಿ ಬಂದಾಗ ಚೀಲಕ್ಕೆ ಚುಚ್ಚಿ ಕಾಳು ತೆಗೆಯುವ ಒಂದು ಚೂಪು ಕೊಳವೆ ಉಂಟು; ಇಲ್ಲಿನವರು ಅದನ್ನು ಪರ್ಖಿ ಎನ್ನುತ್ತಾರೆ. ಹೊಸಬನಾದ ಹಮಾಲಿ ಕೈಗೆ ಸಿಕ್ಕುವ ಅಂಚಿನ ಚೀಲಗಳಿಗೇ ಚುಚ್ಚುತ್ತಾನೆ. ಕಳುಹಿಸಿದವನಿಗೆ ಇದು ಗೊತ್ತಿದ್ದರೆ ಒಳ್ಳೆಯ ಗೋಧಿಯನ್ನು ಅಂಚಿಗೆ ಇಟ್ಟು, ತೇವ ಹಿಡಿದದ್ದನ್ನು ನಡುವೆ ಇಟ್ಟಿರುತ್ತಾನೆ. ಅನುಭವಸ್ಥನು ಮೇಲೆ, ಕೆಳಗೆ, ನಡುವೆ, ಯಾವ ಚೀಲವೆಂದು ಮೊದಲೇ ಯಾರೂ ಹೇಳಲಾಗದಂತೆ ಆರಿಸಿ ಚುಚ್ಚುತ್ತಾನೆ. ಎಲ್ಲ ಚೀಲಕ್ಕೂ ಸಮಾನ ಅವಕಾಶವಿರಬೇಕು, ಆರಿಸುವವನ ಇಷ್ಟಾನಿಷ್ಟ ಅದರಲ್ಲಿ ಸೇರಬಾರದು ಎಂಬುದೇ ಈ ಶಾಸ್ತ್ರದ ತಿರುಳು.

ನಮ್ಮ ದೇಶದಲ್ಲಿ ಈ ವಿದ್ಯೆಯನ್ನು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ತಂದವರು ಪ್ರಶಾಂತ ಚಂದ್ರ ಮಹಲನೋಬಿಸ್. 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು. 1937ರಿಂದ ಬಂಗಾಳದ ಸೆಣಬಿನ ಬೆಳೆಯನ್ನು ಎಲ್ಲ ಹೊಲ ಅಳೆಯದೆ, ಮಾದರಿ ಹೊಲಗಳನ್ನು ಆರಿಸಿ ಅಂದಾಜು ಮಾಡಿ ತೋರಿಸಿದರು. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾದದ್ದೂ ಅವರ ದುಡಿಮೆಯಿಂದಲೇ. ಅವರು ಹುಟ್ಟಿದ ಜೂನ್ 29ನ್ನು 2007ರಿಂದ ದೇಶದಲ್ಲಿ ಸಂಖ್ಯಾಶಾಸ್ತ್ರ ದಿನವೆಂದು ಆಚರಿಸುತ್ತಾರೆ.

ಮೂರನೆಯದು: ಕುಂಬಳಕಾಯಿಯ ತೂಕ

ಮಾರುಕಟ್ಟೆಯಿಂದ ಒಂದು ಕುಂಬಳಕಾಯಿ ತಂದು ಮೇಜಿನ ಮೇಲಿಟ್ಟೆವು. ಪ್ರತಿಯೊಬ್ಬರೂ ಎತ್ತಿ ನೋಡಿ, ಇನ್ನೊಬ್ಬರಿಗೆ ತೋರಿಸದೆ ತೂಕ ಬರೆಯಬೇಕು. ಒಂಬತ್ತು ಮಕ್ಕಳು ಬರೆದ ಕಿಲೋಗಳು ಇವು: 2, 2½, 3, 3, 3½, 4, 4, 5 ಮತ್ತು 18. ಕಡೆಯದು ಒಬ್ಬ ತುಂಟನ ಕೆಲಸ.

ಕೂಡಿಸಿದರೆ 45, ಒಂಬತ್ತರಿಂದ ಭಾಗಿಸಿದರೆ ಸರಾಸರಿ 5 ಕಿಲೋ. ತಕ್ಕಡಿಯಲ್ಲಿ ತೂಗಿದರೆ ಕಾಯಿ 3 ಕಿಲೋ 400 ಗ್ರಾಂ ಇತ್ತು. ಒಬ್ಬನ ತುಂಟತನ ಎಲ್ಲರ ಸರಾಸರಿಯನ್ನು ಎಳೆದುಕೊಂಡು ಹೋಯಿತು. ಆಮೇಲೆ ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ, ನಟ್ಟ ನಡುವಿನದನ್ನು ನೋಡಿದೆವು. ಐದನೆಯದು 3½. ಇದೇ ಮಧ್ಯಾಂಕ. ತುಂಟನು 18ರ ಬದಲು 180 ಎಂದು ಬರೆದಿದ್ದರೂ ಅದು ಕದಲುತ್ತಿರಲಿಲ್ಲ. ಪುಸ್ತಕದಲ್ಲಿ ಸರಾಸರಿಗೂ ಮಧ್ಯಾಂಕಕ್ಕೂ ಎರಡು ಸೂತ್ರಗಳಿವೆ. ಎರಡು ಏಕೆ ಬೇಕೆಂಬುದನ್ನು ಕುಂಬಳಕಾಯಿ ಹೇಳಿಕೊಟ್ಟಿತು.

ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1906ರಲ್ಲಿ ಪ್ಲಿಮತ್ ಊರಿನ ಜಾತ್ರೆಯಂಥ ಒಂದು ಪ್ರದರ್ಶನದಲ್ಲಿ ಇದೇ ಬಗೆಯ ಪಂದ್ಯವನ್ನು ಪರೀಕ್ಷಿಸಿದರು. ಅಲ್ಲಿ ಕುಂಬಳಕಾಯಿಯ ಬದಲು ಎತ್ತು. ಅದರ ಮಾಂಸದ ತೂಕವನ್ನು ಊಹಿಸಬೇಕಾಗಿತ್ತು. 787 ಚೀಟಿಗಳ ಮಧ್ಯಾಂಕ 1,207 ಪೌಂಡು ಬಂತು. ನಿಜವಾದ ತೂಕ 1,198. ಬಿಡಿ ಬಿಡಿ ಜನ ತಪ್ಪಿದರೂ ಎಲ್ಲರ ನಡುವಿನ ಮಾತು ನಿಜಕ್ಕೆ ಹತ್ತಿರವಾಗಿತ್ತು.

ನಮ್ಮಂಥ ಸಂಬಳಗಾರರು ಇದನ್ನು ಮರೆಯಬಾರದು. ಹತ್ತು ಜನರಿರುವ ಒಂದು ಕಾರ್ಖಾನೆಯಲ್ಲಿ ಒಂಬತ್ತು ಜನಕ್ಕೆ ತಿಂಗಳಿಗೆ 15,000 ರೂಪಾಯಿ, ಮ್ಯಾನೇಜರಿಗೆ 2,00,000 ಎಂದು ಇಟ್ಟುಕೊಳ್ಳಿರಿ. ಸರಾಸರಿ ಸಂಬಳ 33,500. "ನಮ್ಮಲ್ಲಿ ಸರಾಸರಿ ಸಂಬಳ ಮೂವತ್ತಮೂರು ಸಾವಿರಕ್ಕೂ ಮೇಲೆ" ಎಂದು ಮಾಲಿಕನು ಹೇಳಿದರೆ ಅದು ಸುಳ್ಳಲ್ಲ. ಆದರೆ ಆ ಸಂಬಳ ಪಡೆಯುವವನು ಆ ಕಾರ್ಖಾನೆಯಲ್ಲಿ ಒಬ್ಬನೂ ಇಲ್ಲ. ಕೆಲಸಕ್ಕೆ ಸೇರುವ ಹುಡುಗ ಕೇಳಬೇಕಾದದ್ದು, "ನಡುವಿನವನಿಗೆ ಎಷ್ಟು?" ಎಂದು.

ನಾಲ್ಕನೆಯದು: ಕಾಫಿಯ ಪಂದ್ಯ

ನಮ್ಮ ವಾಚನಾಲಯಕ್ಕೆ ಬರುವ ಹಿರಿಯರೊಬ್ಬರು ಚಿಕೋರಿ ಬೆರೆತ ಕಾಫಿಯನ್ನು ಒಂದು ಗುಟುಕಿನಲ್ಲಿ ಗುರುತಿಸುತ್ತೇನೆ ಎಂದು ಬಹುಕಾಲದಿಂದ ಹೇಳುತ್ತಿದ್ದರು. ಮಕ್ಕಳು ಇದನ್ನು ಪರೀಕ್ಷಿಸಲು ಹೊರಟರು. ಎಂಟು ಲೋಟ, ನಾಲ್ಕರಲ್ಲಿ ಬರೀ ಕಾಫಿಪುಡಿಯ ಡಿಕಾಕ್ಷನ್, ನಾಲ್ಕರಲ್ಲಿ ಚಿಕೋರಿ ಬೆರೆಸಿದ್ದು. ಹಾಲು, ಸಕ್ಕರೆ, ಬಿಸಿ ಎಲ್ಲ ಒಂದೇ ಸಮ. ಯಾವ ಲೋಟ ಎಲ್ಲಿಡಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸಿದರು. ಲೋಟ ಕೊಡುವ ಹುಡುಗನಿಗೂ ಯಾವುದು ಯಾವುದೆಂದು ತಿಳಿಯದಂತೆ ನೋಡಿಕೊಂಡರು, ಅವನ ಮುಖ ನೋಡಿ ರಾಯರು ಊಹಿಸಬಾರದಲ್ಲ!

ರಾಯರು ಚಿಕೋರಿಯ ನಾಲ್ಕು ಲೋಟಗಳಲ್ಲಿ ಮೂರನ್ನು ಸರಿಯಾಗಿ ಆರಿಸಿದರು. "ನೋಡಿದಿರಾ!" ಎಂದರು. ಮಕ್ಕಳು ಒಪ್ಪಲಿಲ್ಲ. ಕಣ್ಣುಮುಚ್ಚಿ ಆರಿಸಿದವನಿಗೂ ಇಷ್ಟು ಸಿಕ್ಕುವ ಅವಕಾಶವೆಷ್ಟು ಎಂದು ನೋಡಬೇಕೆಂದರು. ಎಂಟು ಲೋಟಗಳಿಗೆ ಎಂಟು ಅಕ್ಷರ ಕೊಟ್ಟು, ನಾಲ್ಕು ನಾಲ್ಕನ್ನು ಆರಿಸುವ ಎಲ್ಲ ಬಗೆಗಳನ್ನೂ ಕಾಗದದ ಮೇಲೆ ಬರೆದರು. ಒಟ್ಟು 70 ಬಗೆ. ಅವುಗಳಲ್ಲಿ ನಾಲ್ಕೂ ಸರಿಯಾಗುವುದು 1, ಮೂರು ಸರಿಯಾಗುವುದು 16. ಎಂದರೆ ಏನೂ ತಿಳಿಯದವನೂ ಎಪ್ಪತ್ತರಲ್ಲಿ ಹದಿನೇಳು ಸಲ, ಸುಮಾರು ನಾಲ್ಕರಲ್ಲಿ ಒಂದು ಸಲ, ರಾಯರಷ್ಟು ಅಥವಾ ಅವರಿಗಿಂತ ಚೆನ್ನಾಗಿ ಮಾಡಬಲ್ಲ. ನಾಲ್ಕಕ್ಕೆ ನಾಲ್ಕೂ ಸರಿಯಾಗಿದ್ದರೆ ಎಪ್ಪತ್ತರಲ್ಲಿ ಒಂದೇ ಅವಕಾಶ, ಆಗ ನಂಬಬಹುದಾಗಿತ್ತು. ರಾಯರು ನಕ್ಕು, "ಮುಂದಿನ ಭಾನುವಾರ ಮತ್ತೆ ಮಾಡೋಣ, ಕಾಫಿಯಂತೂ ನಷ್ಟವಿಲ್ಲ" ಎಂದರು.

ಈ ಪಂದ್ಯ ನಮ್ಮ ಕಲ್ಪನೆಯಲ್ಲ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ರೊನಾಲ್ಡ್ ಫಿಷರ್ ಎಂಬ ವಿಜ್ಞಾನಿಯು, ಹಾಲು ಮೊದಲು ಹಾಕಿದ ಚಹಾವನ್ನು ಗುರುತಿಸುತ್ತೇನೆಂದ ಮಹಿಳೆಯೊಬ್ಬರ ಪರೀಕ್ಷೆಯನ್ನು ಹೀಗೆಯೇ ಎಂಟು ಬಟ್ಟಲುಗಳಿಂದ ವಿವರಿಸಿ, 1935ರ ತನ್ನ ಪುಸ್ತಕದಲ್ಲಿ ಬರೆದನು. ಹೊಸ ಔಷಧಿ ಗುಣಕೊಡುವುದೇ ಎಂದು ಇಂದು ನೋಡುವ ಕ್ರಮದ ಬೇರು ಇಂಥ ವಿಚಾರದಲ್ಲಿದೆ. "ನನ್ನ ಅಣ್ಣನಿಗೆ ಈ ಕಷಾಯದಿಂದ ವಾಸಿಯಾಯಿತು" ಎಂದು ಯಾರಾದರೂ ಹೇಳಿದರೆ ನಮ್ಮ ಮಕ್ಕಳು ಈಗ, "ಕಷಾಯ ಕುಡಿಯದವರಲ್ಲಿ ಎಷ್ಟು ಜನಕ್ಕೆ ವಾಸಿಯಾಯಿತು?" ಎಂದು ಕೇಳುತ್ತಾರೆ.

ಐದನೆಯದು: ಉಪ್ಪಿನ ಲೆಕ್ಕ

ಕಡೆಯ ಪ್ರಯೋಗ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಮಕ್ಕಳಿಗೆ ಒಂದು ಕೆಲಸ ಕೊಟ್ಟೆವು: "ನಿಮ್ಮ ಮನೆಯಲ್ಲಿ ಉಣ್ಣುವವರು ಎಷ್ಟು ಜನ? ಒಂದು ಕಿಲೋ ಉಪ್ಪಿನ ಪೊಟ್ಟಣ ಎಷ್ಟು ದಿನ ಬರುತ್ತದೆ? ಅಮ್ಮನನ್ನು ಕೇಳಿ ಬರೆದುಕೊಂಡು ಬನ್ನಿರಿ." ನಾಲ್ಕು ಜನರ ಮನೆಯಲ್ಲಿ ಪೊಟ್ಟಣ ಒಂದು ತಿಂಗಳು ಬಂದರೆ, ಒಬ್ಬರಿಗೆ ದಿನಕ್ಕೆ ಸುಮಾರು ಎಂಟು ಗ್ರಾಂ ಆಯಿತು. ಬಹುಪಾಲು ಮನೆಗಳ ಲೆಕ್ಕ ಇದರ ಆಸುಪಾಸಿನಲ್ಲಿಯೇ ಬಂತು. ಒಂದು ಮನೆಯದು ಮಾತ್ರ ಇಮ್ಮಡಿ. ವಿಚಾರಿಸಿದರೆ ಆ ತಿಂಗಳು ಅವರು ಮಾವಿನಕಾಯಿ ಉಪ್ಪಿನಕಾಯಿ ಹಾಕಿದ್ದರು! ಎಲ್ಲರಿಗಿಂತ ದೂರ ನಿಂತ ಸಂಖ್ಯೆಯನ್ನು ಅಳಿಸಿಬಿಡಬಾರದು, ಅದರ ಹಿಂದಿನ ಕತೆಯನ್ನು ಕೇಳಬೇಕು ಎಂದು ಮಕ್ಕಳು ಕಲಿತರು.

ಆಮೇಲೆ ಒಂದು ಒಗಟು. ನಮ್ಮ ಗಲ್ಲಿಯ ಒಂದು ಮನೆಯಲ್ಲಿ ಕಿಲೋ ಉಪ್ಪು ಇಪ್ಪತ್ತು ದಿನ ಬರುತ್ತದೆ; ಆ ಮನೆಯಲ್ಲಿ ಎಷ್ಟು ಜನ? ದಿನಕ್ಕೆ ಐವತ್ತು ಗ್ರಾಂ, ಒಬ್ಬರಿಗೆ ಎಂಟು, ಆದ್ದರಿಂದ ಆರು ಜನ ಎಂದು ಮಕ್ಕಳು ಹೇಳಿದರು. ಬಾಗಿಲು ತಟ್ಟಿ ಕೇಳಿದರೆ ಏಳು ಜನ. ಏಳನೆಯದು ಐದು ತಿಂಗಳ ಕೂಸು. ಅದಿನ್ನೂ ಉಪ್ಪು ಮುಟ್ಟಿಲ್ಲ. ತಲೆ ಎಣಿಸದೆ, ಒಳಗೆ ಹೋಗದೆ ಇಷ್ಟು ಹತ್ತಿರ ಬಂದರೆಂದು ಎಲ್ಲರಿಗೂ ಸಂತೋಷವಾಯಿತು.

ಈಗ ಇದೇ ದೆಹಲಿಯಲ್ಲಿ, ಯಮುನೆಯ ಆಚೆಯ ದಡದಲ್ಲಿ ನಡೆದ ಒಂದು ಸಂಗತಿಯನ್ನು ಹೇಳುತ್ತೇನೆ. 1947ರಲ್ಲಿ ದೇಶ ವಿಭಜನೆಯಾದಾಗ ಈ ಪಟ್ಟಣದಲ್ಲಿ ಗಲಭೆಗಳಾದವು. ಅಲ್ಪಸಂಖ್ಯಾತರಾದ ಬಹಳ ಜನ ಪ್ರಾಣಭಯದಿಂದ ಕೆಂಪು ಕೋಟೆಯಲ್ಲಿಯೂ ಹುಮಾಯೂನನ ಸಮಾಧಿಯಲ್ಲಿಯೂ ಆಶ್ರಯ ಪಡೆದರು. ಅವರಿಗೆ ಊಟ ಒದಗಿಸುವ ಹೊಣೆಯನ್ನು ಸರ್ಕಾರ ಗುತ್ತಿಗೆದಾರರಿಗೆ ವಹಿಸಿತು. ಒಳಗೆ ಎಷ್ಟು ಜನರಿದ್ದಾರೆಂದು ಎಣಿಸಿದವರಿರಲಿಲ್ಲ. ಗುತ್ತಿಗೆದಾರರು ಹೇಳಿದ್ದೇ ಲೆಕ್ಕ. ಬಿಲ್ಲುಗಳು ಬೆಳೆಯುತ್ತಾ ಹೋದವು. ಆಗ ಸರ್ಕಾರ ಸಂಖ್ಯಾಶಾಸ್ತ್ರಜ್ಞರ ನೆರವು ಕೇಳಿತು. ಮಹಲನೋಬಿಸರ ಸಂಸ್ಥೆಯ ಜೆ. ಎಂ. ಸೇನ್‌ಗುಪ್ತ ಎಂಬವರು ಒಂದು ಉಪಾಯ ಕಂಡುಹಿಡಿದರು. ಗುತ್ತಿಗೆದಾರರು ತಾವು ಕೊಂಡೆವೆಂದು ತೋರಿಸಿದ ಅಕ್ಕಿ, ಬೇಳೆ, ಉಪ್ಪು ಈ ಮೂರರ ಮೊತ್ತ ಬಿಲ್ಲಿನಲ್ಲಿ ಇತ್ತು. ಒಬ್ಬ ಮನುಷ್ಯನಿಗೆ ದಿನಕ್ಕೆ ಇವು ಎಷ್ಟು ಬೇಕೆಂಬುದು ಹಿಂದಿನ ಸಮೀಕ್ಷೆಗಳಿಂದ ಗೊತ್ತಿತ್ತು. ಒಂದೊಂದರಿಂದಲೂ ಜನಸಂಖ್ಯೆಯನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕಿದರು.

ಬಿಲ್ಲು ನಿಜವಾಗಿದ್ದರೆ ಮೂರು ಉತ್ತರಗಳೂ ಹೆಚ್ಚು ಕಡಿಮೆ ಒಂದೇ ಆಗಬೇಕಿತ್ತು. ಹಾಗಾಗಲಿಲ್ಲ. ಉಪ್ಪಿನಿಂದ ಬಂದ ಸಂಖ್ಯೆ ಎಲ್ಲಕ್ಕಿಂತ ಚಿಕ್ಕದು, ಅಕ್ಕಿಯಿಂದ ಬಂದದ್ದು ಎಲ್ಲಕ್ಕಿಂತ ದೊಡ್ಡದು. ಕಾರಣವನ್ನು ಗಿರಣಿಯ ಗುಮಾಸ್ತನಾದ ನಾನು ಕೂಡಲೇ ಬಲ್ಲೆ. ಆಗ ಅಕ್ಕಿ ದುಬಾರಿ, ಉಪ್ಪು ಅಗ್ಗ. ಸುಳ್ಳು ಲೆಕ್ಕ ಬರೆಯುವವನು ಲಾಭ ಇರುವ ಕಡೆ ಬರೆಯುತ್ತಾನೆ. ಉಪ್ಪಿನಲ್ಲಿ ಸುಳ್ಳು ಬರೆದು ಸಿಕ್ಕುವುದೇನು? ಆದ್ದರಿಂದ ಉಪ್ಪಿನ ಲೆಕ್ಕವೇ ನಿಜಕ್ಕೆ ಹತ್ತಿರವೆಂದು ಅವರು ತೀರ್ಮಾನಿಸಿದರು. ಇದೇ ರೀತಿಯನ್ನು ಹುಮಾಯೂನನ ಸಮಾಧಿಯ ಚಿಕ್ಕ ಶಿಬಿರದಲ್ಲಿ ಪರೀಕ್ಷಿಸಿದಾಗಲೂ ಒಳ್ಳೆಯ ಉತ್ತರವೇ ಬಂದಿತು.

ಈ ಸಂಗತಿಯನ್ನು ತಮ್ಮ 'ಸ್ಟ್ಯಾಟಿಸ್ಟಿಕ್ಸ್ ಅಂಡ್ ಟ್ರೂತ್' ಎಂಬ ಪುಸ್ತಕದಲ್ಲಿ ಹೇಳಿರುವವರು ಸಿ. ಆರ್. ರಾವ್. ಜಗತ್ತಿನ ಸಂಖ್ಯಾಶಾಸ್ತ್ರಜ್ಞರಲ್ಲಿ ಅಗ್ರಗಣ್ಯರಾದ ಇವರು ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ, 1920ರ ಸೆಪ್ಟೆಂಬರ್ 10ರಂದು. ಆಗ ಅದು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಮನೆಮಾತು ತೆಲುಗು, ಓದು ಆಂಧ್ರದಲ್ಲಿ, ಮುಂದಿನ ದುಡಿಮೆ ಕಲ್ಕತ್ತೆಯ ಸಂಸ್ಥೆಯಲ್ಲಿ. 2001ರಲ್ಲಿ ಪದ್ಮವಿಭೂಷಣ, 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂದವು. ಅದೇ ವರ್ಷ ಆಗಸ್ಟ್ 22ರಂದು, 102ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹಡಗಲಿಯ ಕಡೆಯಿಂದ ಇಲ್ಲಿಗೆ ಕೆಲಸಕ್ಕೆ ಬಂದಿರುವ ಮಿತ್ರರು ನಮ್ಮ ಓದುಗರಲ್ಲಿದ್ದರೆ, ತಮ್ಮ ಮಕ್ಕಳಿಗೆ ಈ ಹೆಸರನ್ನು ಅವಶ್ಯವಾಗಿ ಹೇಳಲಿ.

ಕಲಿಸುವವರಿಗೆ ಕೆಲವು ಮಾತು

ಈ ಪ್ರಯೋಗಗಳನ್ನು ಮನೆಯಲ್ಲಿ ಮಾಡಿಸಬಯಸುವವರು ನಾಲ್ಕು ವಿಷಯಗಳನ್ನು ಗಮನದಲ್ಲಿಡಬೇಕು. ಮೊದಲನೆಯದಾಗಿ, ಮಾಡುವುದಕ್ಕೆ ಮುಂಚೆ ಮಗು ತನ್ನ ಊಹೆಯನ್ನು ಬರೆಯಲಿ. ಬರೆಯದ ಊಹೆ ಆಮೇಲೆ ಬದಲಾಗುತ್ತದೆ. ಎರಡನೆಯದಾಗಿ, ಊಹೆ ತಪ್ಪಾದರೆ ನಗಬೇಡಿರಿ. ಇಲ್ಲಿ ತಪ್ಪು ಊಹೆಯೇ ಪಾಠದ ಬಾಗಿಲು. ಮೂರನೆಯದಾಗಿ, ಸೂತ್ರವನ್ನು ಕಡೆಗೆ ಹೇಳಿರಿ. ಕುಂಬಳಕಾಯಿ ತೂಗಿದ ಮೇಲೆ ಮಧ್ಯಾಂಕದ ಹೆಸರು ಹೇಳಿದರೆ ಮಗು ಮರೆಯುವುದಿಲ್ಲ. ನಾಲ್ಕನೆಯದಾಗಿ, ಬಂದ ಸಂಖ್ಯೆಯನ್ನು ಇದ್ದಂತೆಯೇ ಬರೆಸಿರಿ. ಚೆನ್ನಾಗಿ ಕಾಣಲೆಂದು ತಿದ್ದಿದ ಲೆಕ್ಕ ಗುತ್ತಿಗೆದಾರನ ಅಕ್ಕಿಯ ಲೆಕ್ಕವಾಗುತ್ತದೆ.

ನಾವು ಊರು ಬಿಟ್ಟು ಬಂದವರು. ಊರಿನಲ್ಲಾದರೆ ಅಂಗಡಿಯವನು ಯಾರ ಮಗ, ವೈದ್ಯನ ಕೈಗುಣವೆಂಥದು ಎಂದು ನಾಲ್ಕು ಜನರನ್ನು ಕೇಳಿ ತಿಳಿಯಬಹುದು. ಇಲ್ಲಿ ಎಲ್ಲರೂ ನಮಗೆ ಅಪರಿಚಿತರು. ಅವರು ನಮ್ಮೊಡನೆ ಸಂಖ್ಯೆಗಳಲ್ಲಿಯೇ ಮಾತನಾಡುತ್ತಾರೆ. ಇಷ್ಟು ಶೇಕಡ ಬಡ್ಡಿ, ಇಷ್ಟು ಜನ ಪಾಸು, ಇಷ್ಟು ಸರಾಸರಿ ಸಂಬಳ. ಸಂಖ್ಯೆಯನ್ನು ಪ್ರಶ್ನಿಸಲು ಬಾರದವನು ಭಾಷೆ ಬಾರದ ಊರಿನಲ್ಲಿ ಸಾಮಾನು ಕೊಳ್ಳುವವನಂತೆ. ನಮ್ಮ ಮಕ್ಕಳಿಗೆ ನಾವು ಗದ್ದೆ ಮನೆ ಬಿಟ್ಟು ಹೋಗಲಾರೆವು. ಈ ಒಂದು ಪ್ರಶ್ನೆ ಕೇಳುವ ಬುದ್ಧಿಯನ್ನಾದರೂ ಕೊಟ್ಟು ಹೋಗಬಹುದು.

ಆರಂಭದಲ್ಲಿ ಹೇಳಿದ ಮಿತ್ರರ ವಿಷಯ. ಮಾರನೆಯ ದಿನವೇ ಅವರು ಆ ತರಗತಿಯವರಲ್ಲಿಗೆ ಹೋಗಿ, "ಪರೀಕ್ಷೆಗೆ ಕೂತವರು ಎಷ್ಟು ಮಂದಿ?" ಎಂದು ಕೇಳಿದರಂತೆ. ಅಲ್ಲಿದ್ದವರು ಮುಖಗಳಿರುವ ಇನ್ನೊಂದು ದೊಡ್ಡ ಕಾಗದವನ್ನು ತೋರಿಸಿದರಂತೆ. ಉತ್ತರ ಮಾತ್ರ ಹೇಳಲಿಲ್ಲ. ಎರಡನೆಯ ಸಲ ಕೇಳಿದಾಗ, ಹಣ ಕಟ್ಟುವ ಕಡೆಯ ದಿನ ಯಾವುದೆಂದು ಹೇಳಿದರಂತೆ. ಮಿತ್ರರು ಕಾಗದವನ್ನು ಮಡಿಚಿ ಜೇಬಿಗಿಟ್ಟುಕೊಂಡು ಮನೆಗೆ ಬಂದರು. ಹುಡುಗ ಈಗ ಶಾಲೆಯ ಅಧ್ಯಾಪಕರೊಬ್ಬರ ನೆರವಿನಿಂದಲೂ ನಮ್ಮ ವಾಚನಾಲಯದ ಪುಸ್ತಕಗಳಿಂದಲೂ ಓದುತ್ತಿದ್ದಾನೆ. ಅವನು ತೇರ್ಗಡೆಯಾಗುವನೋ ಇಲ್ಲವೋ ನಾನು ಹೇಳಲಾರೆ. ಒಬ್ಬ ಹುಡುಗನಿಂದ ನಿಯಮ ಕಟ್ಟಬಾರದೆಂಬುದನ್ನು ಈಗ ತಾನೆ ಬರೆದಿದ್ದೇನೆ. ಬಳೆಗಳು ಮಾತ್ರ ಮನೆಯಲ್ಲಿಯೇ ಇವೆ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಮಕ್ಕಳನ್ನು ಕರೆತನ್ನಿರಿ. ಒಂದು ನೋಟುಬುಕ್ಕು, ಒಂದು ಪೆನ್ಸಿಲು, ಒಂದು ರೂಪಾಯಿಯ ನಾಣ್ಯ ಸಾಕು. ನಾಣ್ಯವನ್ನು ಮರಳಿ ಮನೆಗೆ ಒಯ್ಯಬಹುದು.